ಕೆಳಗಿನ ಡ್ರಾಯರಿನ ಮೂವತ್ತೇಳು ಕಾರ್ಡುಗಳು

ನಮ್ಮ ಚಿಕ್ಕಮ್ಮ ಲಿಫ್ಟ್ ಕಂಪನಿಯೊಂದರ ಶಾಖಾ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದಳು. ಆದರೆ ಒಂದು ದಿನವೂ ಲಿಫ್ಟ್ ಹತ್ತಲಿಲ್ಲ. ಕಚೇರಿ ಇದ್ದದ್ದು ಮೂರನೇ ಮಹಡಿಯಲ್ಲಿ. ಐವತ್ನಾಲ್ಕು ಮೆಟ್ಟಿಲು ಹತ್ತಿ, ಎರಡು ನಿಮಿಷ ಗೋಡೆಗೊರಗಿ ಏದುಸಿರು ಇಳಿಸಿಕೊಂಡು, ಆಮೇಲೆ ತನ್ನ ಕುರ್ಚಿಗೆ ಹೋಗುತ್ತಿದ್ದಳು. ಯಾಕೆ ಹೀಗೆ ಎಂದು ಕೇಳಿದರೆ, "ಒಳಗೆ ಸಿಕ್ಕಿಹಾಕಿಕೊಂಡವರ ದನಿ ಅಷ್ಟೊಂದು ಕೇಳಿದ ಮೇಲೆ ನೀನಾದರೂ ಹತ್ತುತ್ತಿದ್ದೆಯಾ?" ಎನ್ನುತ್ತಿದ್ದಳು.

ಅವಳ ಕೆಲಸವೇ ಅದು, ಆ ದನಿ ಕೇಳುವುದು. ಊರಿನ ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಡುವೆ ನಿಂತು, ಒಳಗಿದ್ದವರು ಕೆಂಪು ಗುಂಡಿ ಒತ್ತಿದರೆ ಚಿಕ್ಕಮ್ಮನ ಮೇಜಿನ ಮೇಲಿನ ಪರದೆಯಲ್ಲಿ ಕಟ್ಟಡದ ಹೆಸರು ಕೆಂಪಾಗುತ್ತಿತ್ತು. ಅವಳು ಮಾತಾಡಿಸಿ, ಮೆಕ್ಯಾನಿಕ್‌ನನ್ನು ಕಳಿಸಿದರೆ ಅದು ಹಳದಿಯಾಗುತ್ತಿತ್ತು. ಬಾಗಿಲು ತೆರೆದು ಅವರು ಹೊರಗೆ ಬಂದ ಮೇಲೆ ಹಸಿರು. ಕೆಂಪಿನಿಂದ ಹಸಿರಿನ ತನಕ ಅವಳು ಫೋನ್ ಇಡುತ್ತಿರಲಿಲ್ಲ. ಅವಳ ಮೊದಲ ಮಾತು ಯಾವಾಗಲೂ ಒಂದೇ: ಈಗ ಎಲ್ಲಿದ್ದೀರಿ ಹೇಳಿ, ಪಕ್ಕದಲ್ಲಿ ಯಾರಾದರೂ ಇದ್ದಾರಾ? "ಹೆದರಬೇಡಿ" ಎಂದು ಯಾವತ್ತೂ ಹೇಳುತ್ತಿರಲಿಲ್ಲ. ಹಾಗೆಂದರೆ, ಹೆದರುವಂಥದ್ದು ಏನೋ ಇದೆ ಎಂದು ಅವರಿಗೆ ಗೊತ್ತಾಗುತ್ತದಂತೆ. ಅದರ ಬದಲು ಒಳಗಿನ ಗೋಡೆಯಲ್ಲಿ ಎಷ್ಟು ತಿರುಪು ಕಾಣುತ್ತದೆ, ಎಣಿಸಿ ಹೇಳಿ ಎನ್ನುತ್ತಿದ್ದಳು. ಒಬ್ಬ ಮುದುಕರು ಅರವತ್ತೆಂಟು ಎಣಿಸಿ, ಎರಡು ಸಡಿಲವಾಗಿವೆ ಎಂದು ಜಗಳಕ್ಕೇ ಬಂದಿದ್ದರಂತೆ.

ಪರದೆಯಲ್ಲಿ ಇರುವುದೆಲ್ಲ ಸರಿಯಿರುತ್ತಿರಲಿಲ್ಲ. ಅದಕ್ಕಾಗಿ ಚಿಕ್ಕಮ್ಮ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕಾರ್ಡುಗಳನ್ನು ಇಟ್ಟುಕೊಂಡಿದ್ದಳು. ಒಂದು ಕಾರ್ಡಿನಲ್ಲಿ, ಈ ಕಟ್ಟಡದ ಕಾವಲುಗಾರನಿಗೆ ಕಿವಿ ಮಂದ, ಫೋನ್ ಮಾಡಿದರೆ ಸಾಲದು, ಎದುರಿನ ಅಂಗಡಿಗೆ ಹೇಳಬೇಕು ಎಂದಿತ್ತು. ಇನ್ನೊಂದರಲ್ಲಿ, ಮಧ್ಯಾಹ್ನ ಎರಡರ ಮೇಲೆ ಹಿಂಬಾಗಿಲಿಗೆ ಬೀಗ, ಬೀಗದ ಕೈ ಔಷಧದ ಅಂಗಡಿಯಲ್ಲಿ ಎಂದಿತ್ತು. ಬಟ್ಟೆ ಅಂಗಡಿಗಳ ಕಟ್ಟಡದ್ದು ಒಂದೇ ಸಾಲು: ಪರದೆಯಲ್ಲಿ ಎಡ ಎಂದು ಬಂದರೆ ಬಲಗಡೆಯ ಲಿಫ್ಟ್ ಎಂದು ತಿಳಿಯಬೇಕು. ಹಿಂದೆ ಯಾರೋ ರಿಪೇರಿ ಮಾಡುವಾಗ ಎರಡು ಲಿಫ್ಟ್‌ಗಳ ತಂತಿ ಅದಲುಬದಲಾಗಿತ್ತು. ಅದನ್ನು ಕಡತದಲ್ಲಿ ತಿದ್ದಬೇಕಾದರೆ ತಂತಿ ಎಳೆದ ಮೆಕ್ಯಾನಿಕ್‌ನ ಸಹಿ ಬೇಕೆಂದು ಮುಖ್ಯ ಕಚೇರಿ ಹೇಳಿತ್ತು. ಆತ ನಿವೃತ್ತನಾಗಿ ಯಾವ ಊರಿಗೆ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದು ಕಾರ್ಡಿನಲ್ಲೇ ಉಳಿಯಿತು. ಒಟ್ಟು ಮೂವತ್ತೇಳು ಕಾರ್ಡು.

ಕಚೇರಿಯಲ್ಲಿ ಹದಿನಾಲ್ಕು ಜನ. ಪಕ್ಕದ ಮೇಜಿನಲ್ಲಿ ಬಿಲ್ಲು ಬರೆಯುವವರೊಬ್ಬರನ್ನು ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದರು, ಯಾಕೆಂದರೆ ಅವರನ್ನು ಆರಿಸುವ ಗುಂಡಿ ಯಾರಿಗೂ ಸಿಕ್ಕಿರಲಿಲ್ಲ. ಕಚೇರಿ ಮುಚ್ಚುತ್ತಾರೆ ಎಂಬ ಮಾತು ಮೊದಲು ಬಂದದ್ದು ಅವರ ಬಾಯಿಂದಲೇ.

"ಮುಂದಿನ ವರ್ಷದ ಕ್ಯಾಲೆಂಡರ್ ಎಷ್ಟು ಬೇಕು ಅಂತ ಪ್ರತಿಸಲ ಕೇಳ್ತಿದ್ರು. ಈ ಸಲ ಕೇಳಿದ್ರಾ?" ಎಂದರು ಒಂದು ದಿನ ಚಹಾದ ಹೊತ್ತಿನಲ್ಲಿ.

"ಮರೆತಿರ್ತಾರೆ ಬಿಡಿ" ಎಂದಳು ಚಿಕ್ಕಮ್ಮ.

"ಕುಂಡದ ಗಿಡಗಳನ್ನ ತಗೊಂಡು ಹೋದ್ರು. ಅದೂ ಮರೆವಾ? ನಿನ್ನೆ ಒಬ್ಬ ಟೇಪ್ ಹಿಡ್ಕೊಂಡು ಕಿಟಕಿಯಿಂದ ಗೋಡೆವರೆಗೂ ಅಳೆದ. ನನ್ನ ಕಾಲು ಅಡ್ಡ ಬಂತು ಅಂತ ಕಾಲನ್ನೂ ಸೇರಿಸಿ ಅಳೆದ ಮಹಾರಾಯ!"

ಎಲ್ಲರೂ ನಕ್ಕರು.

ವ್ಯವಸ್ಥಾಪಕರನ್ನು ಕೇಳಿದರೆ ಏನೂ ತಿಳಿಯುತ್ತಿರಲಿಲ್ಲ. ಅವರು ರಜೆ ಕೇಳಿದರೂ ನೋಡೋಣ, ಫ್ಯಾನ್ ಕೆಟ್ಟಿದೆ ಎಂದರೂ ನೋಡೋಣ. ಅದಕ್ಕೇ ಅವರಿಗೆ 'ನೋಡೋಣ ಸರ್' ಎಂದೇ ಹೆಸರು. ಕಚೇರಿ ಮುಚ್ಚುವುದು ನಿಜವೇ ಎಂದು ಕೇಳಿದಾಗ ಮಾತ್ರ ಅವರು ನೋಡೋಣ ಎನ್ನಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಆ ದಿನದಿಂದ ಚಿಕ್ಕಮ್ಮನಿಗೆ ಭಯ ಶುರುವಾಯಿತು.

ಆಗ ಅವಳಿಗೆ ಐವತ್ತೊಂದು ವರ್ಷ. ಓದಿದ್ದು ಹತ್ತನೇ ತರಗತಿ. ಅಜ್ಜಿ, ನಾನು, ಅವಳು, ಮೂವರ ಮನೆ ನಡೆಯುತ್ತಿದ್ದದ್ದು ಅವಳೊಬ್ಬಳ ಸಂಬಳದಲ್ಲಿ. ಬೇರೆ ಕಡೆ ಕೆಲಸ ಕೇಳಲು ಹೋದರೆ, ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರ ಜೊತೆ ಮಾತಾಡಲು ಬರುತ್ತದೆ ಎಂದು ಯಾವ ಅರ್ಜಿಯಲ್ಲಿ ಬರೆಯುವುದು? ಅವಳು ಬೆಳಿಗ್ಗೆ ತಲೆ ಬಾಚುವಾಗ ಕನ್ನಡಿಯ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದಳು. ತಟ್ಟೆಯ ಮುಂದೆ ಕೂತರೆ ತುತ್ತು ಕೈಯಲ್ಲೇ ಇರುತ್ತಿತ್ತು.

"ಏನೇ ನಿಂಗೆ ಬಡ್ಕೊಂಡಿರೋದು? ಹೀಗೇ ಆದ್ರೆ ನೀನು ಸೀರೆ ಉಡೋದಲ್ಲ, ಸೀರೆನೇ ನಿನ್ನ ಉಡ್ಕೋಬೇಕಾಗುತ್ತೆ" ಎಂದು ಅಜ್ಜಿ ಗದರಿಸಿದಳು.

"ಏನಿಲ್ಲಮ್ಮ. ಆಫೀಸಲ್ಲಿ ಏನೇನೋ ಮಾತಾಡ್ತಾರೆ."

"ಮಾತಿಗೆಲ್ಲ ಹೊಟ್ಟೆ ಕಟ್ಟಿದ್ರೆ ಬದುಕೋದು ಹೆಂಗೆ?"

ಹದಿನೈದು ದಿನ ಕಳೆದ ಮೇಲೆ ಮುಖ್ಯ ಕಚೇರಿಯಿಂದ ಸುತ್ತೋಲೆ ಬಂತು. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ, ಹೊಸಬರಿಗೆ ಅರ್ಥವಾಗುವಂತೆ, ಬರೆದುಕೊಡಬೇಕು. ಯಾಕೆ ಎಂದು ಅದರಲ್ಲಿ ಇರಲಿಲ್ಲ. ಆದರೆ ಬೇರೆ ಊರಿನಲ್ಲಿ ಯಾವುದೋ ಗುತ್ತಿಗೆ ಕಂಪನಿ ಇದೆ, ಅಲ್ಲಿ ಒಂದೇ ದೊಡ್ಡ ಕೋಣೆಯಲ್ಲಿ ಇನ್ನೂರು ಜನ ಕೂತು ಹತ್ತಾರು ಕಂಪನಿಗಳ ಫೋನ್ ಎತ್ತುತ್ತಾರೆ, ನಮ್ಮ ಕೆಲಸ ಅಲ್ಲಿಗೇ ಹೋಗುತ್ತದೆ ಎಂದು ರೇಡಿಯೋ ಎಲ್ಲಿಂದಲೋ ಸುದ್ದಿ ತಂದಿದ್ದರು.

"ನಮ್ಮ ಕೈಯಲ್ಲೇ ನಮ್ಮ ಗುಂಡಿ ತೋಡಿಸ್ತಾ ಇದ್ದಾರೆ" ಎಂದರು. "ಎಲ್ಲಾ ಬರೆದುಕೊಟ್ಟುಬಿಟ್ರೆ ನಮ್ಮನ್ನ ಯಾಕೆ ಇಟ್ಕೋತಾರೆ? ಒಬ್ಬೊಬ್ಬರೂ ಒಂದೊಂದು ವಿಷಯ ಬಿಟ್ಟು ಬರೀರಿ. ಅವರು ನಮ್ಮ ಕೆಲಸ ಮಾಡೋಕೆ ಹೋಗಲಿ, ಮುಗ್ಗರಿಸಿ ಬೀಳಲಿ. ಆಗ ಗೊತ್ತಾಗುತ್ತೆ ನಮ್ಮ ಬೆಲೆ."

"ಸುಳ್ಳು ಬರೀಬೇಕಾ?" ಎಂದಳು ಚಿಕ್ಕಮ್ಮ.

"ಸುಳ್ಳು ಯಾರು ಬರೀರಿ ಅಂದ್ರು? ಬಿಟ್ಟು ಬರೀರಿ ಅಂದೆ."

ಹದಿನಾಲ್ಕು ಜನರೂ ಒಪ್ಪಿಕೊಂಡರು. ಬಿಲ್ಲಿನವರು ಒಂದು ರಿಯಾಯಿತಿಯ ಲೆಕ್ಕ ಬಿಟ್ಟರು. ಗೋದಾಮಿನವರು ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ ಎಂಬುದನ್ನು ಬಿಟ್ಟರು. ಚಿಕ್ಕಮ್ಮ ಗೆರೆ ಹಾಕಿದ ಹಾಳೆಯಲ್ಲಿ ಇಪ್ಪತ್ತೆರಡು ಪುಟ ಬರೆದಳು. ತಿರುಪು ಎಣಿಸಲು ಹೇಳುವುದನ್ನೂ ಬರೆದಳು. ಡಬ್ಬಿಯ ವಿಷಯ ಬರುವ ಜಾಗಕ್ಕೆ ಬಂದಾಗ ಪೆನ್ನು ಎತ್ತಿ, ಮುಂದಿನ ವಿಷಯಕ್ಕೆ ಹೋದಳು. ಡಬ್ಬಿಯನ್ನು ಕೆಳಗಿನ ಡ್ರಾಯರಿನಲ್ಲಿ ಸ್ವೆಟರಿನ ಅಡಿಗೆ ಇಟ್ಟು ಬೀಗ ಹಾಕಿದಳು.

ಅಂದಿನಿಂದ ಅವಳಿಗೆ ಎರಡು ಭಯ. ಕೆಲಸ ಹೋಗುತ್ತದೆ ಎಂಬುದು ಒಂದು. ಡ್ರಾಯರಿನದು ಇನ್ನೊಂದು. ಯಾರಾದರೂ ಹಿಂದಿನಿಂದ ಹಾದುಹೋದರೆ ಮೊಣಕಾಲು ತಾನಾಗಿಯೇ ಡ್ರಾಯರಿಗೆ ಅಡ್ಡ ಹೋಗುತ್ತಿತ್ತಂತೆ.

ಮುಂದಿನ ಬುಧವಾರ ಪರೀಕ್ಷೆ ಇಟ್ಟರು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಎಲ್ಲ ಕರೆಗಳೂ ಆ ಗುತ್ತಿಗೆ ಕಂಪನಿಗೆ ಹೋಗುತ್ತವೆ. ಇಲ್ಲಿನ ಫೋನುಗಳು ಬಂದ್. ಪರದೆ ನೋಡಬಹುದು, ಆದರೆ ಯಾರೂ ಮಧ್ಯೆ ಬಾಯಿ ಹಾಕಬಾರದು ಎಂದು ನೋಡೋಣ ಸರ್ ಎರಡು ಸಲ ಹೇಳಿದರು.

ಹನ್ನೊಂದೂ ಇಪ್ಪತ್ತಕ್ಕೆ ಪರದೆಯಲ್ಲಿ ಬಟ್ಟೆ ಅಂಗಡಿಗಳ ಕಟ್ಟಡ ಕೆಂಪಾಯಿತು. ಎಡ ಲಿಫ್ಟ್ ಎಂದು ಬಂತು.

ಚಿಕ್ಕಮ್ಮನ ಕೈ ಫೋನಿನ ಕಡೆ ಹೋಯಿತು. ಫೋನಿನಲ್ಲಿ ಸದ್ದೇ ಇರಲಿಲ್ಲ. ಅಲ್ಲೆಲ್ಲೋ ಯಾರೋ ಕರೆ ಎತ್ತಿದರು. ಹೆಸರು ಹಳದಿಯಾಯಿತು. ಅವತ್ತು ಆ ಕಟ್ಟಡಕ್ಕೆ ಹೊರಟದ್ದು ಆರು ತಿಂಗಳ ಹಿಂದೆ ಸೇರಿದ ಮೆಕ್ಯಾನಿಕ್. ಯಾವ ಲಿಫ್ಟ್ ಎಂದು ಚಿಕ್ಕಮ್ಮನೇ ಅವನಿಗೆ ಹೇಳುತ್ತಿದ್ದುದರಿಂದ ತಂತಿಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಆದರೂ ಹೋದ ಮೇಲೆ ಪಕ್ಕದ್ದನ್ನೂ ನೋಡಿಯೇ ನೋಡುತ್ತಾನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಹನ್ನೊಂದೂ ನಲವತ್ತೈದಕ್ಕೆ ಹೆಸರು ಹಸಿರಾಯಿತು. ಕೆಳಗೆ ಒಂದು ಸಾಲು ಬಂತು: ಲಿಫ್ಟ್ ಖಾಲಿ ಇದೆ, ಸರಿಯಾಗಿ ಓಡುತ್ತಿದೆ, ಸುಳ್ಳು ಕರೆ.

ಒಂದು ನಿಮಿಷದಲ್ಲಿ ಮತ್ತೆ ಕೆಂಪಾಯಿತು. ಮತ್ತೆ ಹಸಿರು, ಸುಳ್ಳು ಕರೆ. ಮೂರು ನಿಮಿಷ ಬಿಟ್ಟು ಇನ್ನೊಮ್ಮೆ ಕೆಂಪು.

ರೇಡಿಯೋ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೆ ಬಂದರು. "ಎಡವಿದ್ರು ನೋಡಿ" ಎಂದು ಪಿಸುಗುಟ್ಟಿದರು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಸಂತೋಷ ಕಾಣಿಸಿತು.

"ಒಳಗೆ ಯಾರೋ ಇದ್ದಾರೆ ರೀ."

"ಇರಲಿ, ಗಾಳಿ ಆಡುತ್ತೆ, ದೀಪ ಇರುತ್ತೆ. ನೀವೇ ಎಲ್ಲರಿಗೂ ಹೇಳ್ತೀರಲ್ಲ, ಲಿಫ್ಟ್ ಒಳಗೆ ಯಾರಿಗೂ ಏನೂ ಆಗಲ್ಲ ಅಂತ. ಒಂದು ಗಂಟೆವರೆಗೆ ತಡೀರಿ. ಈ ಒಂದು ತಪ್ಪು ಸಾಕು, ನಾವು ಹದಿನಾಲ್ಕು ಮನೆ ಬಚಾವ್."

ಚಿಕ್ಕಮ್ಮ ತಡೆದಳು. ಎರಡನೇ ಸಲ ಕೆಂಪಾದಾಗ ಹನ್ನೊಂದೂ ನಲವತ್ತಾರು. ಅವಳು ಚೀಲದಿಂದ ತನ್ನ ಮೊಬೈಲ್ ತೆಗೆದಾಗ ಹನ್ನೊಂದೂ ಐವತ್ತೇಳು. ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ತಾನು ಏನು ಯೋಚಿಸಿದೆ ಎಂಬುದನ್ನು ಅವಳು ನಮಗೆ ಮುಚ್ಚಿಡಲಿಲ್ಲ. ಮನೆಯ ಬಾಡಿಗೆ, ಅಜ್ಜಿಯ ಔಷಧ, ನಾನು. ಪರದೆಯ ಕಡೆ ನೋಡಬಾರದು ಎಂದುಕೊಂಡೇ ನೋಡುತ್ತಿದ್ದಳಂತೆ. ಐದನೇ ಸಲ ಕೆಂಪಾದ ಮೇಲೆ ಗುಂಡಿ ಒತ್ತುವುದು ನಿಂತುಹೋಯಿತು. ಹೆಸರು ಹಸಿರಾಗಿಯೇ ಉಳಿಯಿತು. ಅದನ್ನು ತಡೆದುಕೊಳ್ಳಲು ಅವಳಿಗೆ ಆಗಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

"ಎಲ್ಲಿದ್ದೀಯಪ್ಪ?"

"ಹೊರಟುಬಿಟ್ಟೆ ಅಕ್ಕಾ. ಯಾರೋ ಆಟಕ್ಕೆ ಗುಂಡಿ ಒತ್ತಿದ್ದಾರೆ. ಎಡಗಡೆದು ಖಾಲಿ ನಿಂತಿದೆ. ಬಲಗಡೆದು ಕೆಟ್ಟಿದೆ ಅಂತ ಕಾವಲುಗಾರ ಬೋರ್ಡ್ ಹಾಕಿದ್ದಾನೆ."

"ಬಲಗಡೆದರಲ್ಲೇ ಇದ್ದಾರೆ. ಓಡು. ಹೋಗಿ ಬಾಗಿಲು ಬಡಿ, ಬಂದೆ ಅಂತ ಕೂಗಿ ಹೇಳು."

ಅವಳ ದನಿ ಇಡೀ ಕಚೇರಿಗೆ ಕೇಳಿಸಿತು. ನೋಡೋಣ ಸರ್ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು.

ಸಂಜೆ ಮೆಕ್ಯಾನಿಕ್ ಕಚೇರಿಗೆ ಬಂದು ಹೇಳಿದ: "ನಾಲ್ಕಕ್ಕೂ ಐದಕ್ಕೂ ಮಧ್ಯೆ ನಿಂತಿತ್ತು ಅಕ್ಕಾ. ಒಳಗೆ ಒಬ್ಬರು ಹೆಂಗಸು, ಅಂಗಡಿಯ ಬಟ್ಟೆಗೆ ಗುಂಡಿ ಹೊಲಿಯೋಕೆ ಬರೋರಂತೆ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಲಿಫ್ಟ್ ಖಾಲಿ ಇದೆ, ಸುಮ್ಮನೆ ಗುಂಡಿ ಒತ್ತಬೇಡಿ ಅಂತ ಫೋನ್ ಎತ್ತಿದೋರು ಹೇಳಿದ್ರಂತೆ. 'ನಾನಿಲ್ಲ ಅಂತಾರಲ್ಲಪ್ಪ, ನಾನು ಇದ್ದೀನಲ್ಲ' ಅಂತ ಹೊರಗೆ ಬಂದ ಮೇಲೂ ಅದನ್ನೇ ಹೇಳ್ತಾ ಇದ್ರು."

ಚಿಕ್ಕಮ್ಮ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ನೋಡೋಣ ಸರ್ ಅವಳನ್ನು ಒಳಗೆ ಕರೆದು, ಬಲಗಡೆಯದು ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಅವಳು ಡಬ್ಬಿ ತಂದು ಮೇಜಿನ ಮೇಲಿಟ್ಟಳು. "ಹಳೇ ಕಾರ್ಡುಗಳು ಸರ್. ಬರೆಯುವಾಗ ಮರೆತುಬಿಟ್ಟೆ" ಎಂದಳು. ಅವರು ಒಂದೊಂದೇ ಕಾರ್ಡು ತಿರುವಿ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮೂವತ್ತೇಳನ್ನೂ ನಕಲು ಮಾಡಿಸಿ ಗುತ್ತಿಗೆ ಕಂಪನಿಗೆ ಕಳಿಸಿದರು.

ಹೊರಗೆ ಬಂದಾಗ ರೇಡಿಯೋ ತಲೆ ಎತ್ತದೆಯೇ, "ಇನ್ನೊಂದು ಗಂಟೆ ಸುಮ್ನಿದ್ದಿದ್ರೆ ಆಗ್ತಿತ್ತು" ಎಂದರು.

"ಅವರು ಒಳಗಿದ್ರು."

"ನಾವೇನು ಹೊರಗಿದ್ದೀವಾ ತಾಯಿ?"

ಆಮೇಲೆ ಆ ವಾರವಿಡೀ ಅವರು ಮಾತಾಡಲಿಲ್ಲ. ರೇಡಿಯೋ ಸುಮ್ಮನಾದರೆ ಕಚೇರಿ ಅಷ್ಟು ದೊಡ್ಡದು ಎಂದು ಚಿಕ್ಕಮ್ಮನಿಗೆ ಆಗಲೇ ಗೊತ್ತಾದದ್ದಂತೆ. ಚಹಾಕ್ಕೆ ಅವಳನ್ನು ಯಾರೂ ಕರೆಯಲಿಲ್ಲ.

ಮುಂದಿನ ಸೋಮವಾರ ಅವಳ ಮೇಜಿನ ಫೋನಿಗೆ ಕರೆ ಬಂತು. ಆ ಕಡೆ ಒಂದು ಹುಡುಗಿಯ ದನಿ, ಗುತ್ತಿಗೆ ಕಂಪನಿಯಿಂದ.

"ಹದಿನಾರನೇ ಕಾರ್ಡು ನಕಲಿನಲ್ಲಿ ಮಸುಕಾಗಿದೆ ಅಕ್ಕಾ. ಓದಿ ಹೇಳ್ತೀರಾ?"

ಚಿಕ್ಕಮ್ಮ ಓದಿ ಹೇಳಿದಳು. ಹುಡುಗಿ ಬರೆದುಕೊಂಡಳು. ಆದರೆ ಫೋನ್ ಇಡಲಿಲ್ಲ.

"ಅಕ್ಕಾ, ಅವತ್ತು ಆ ಹೆಂಗಸಿಗೆ ಲಿಫ್ಟ್ ಖಾಲಿ ಇದೆ ಅಂದಿದ್ದು ನಾನೇ. ಅವರು ಅಳ್ತಾ ಇದ್ರು. ನಮಗೆ ಪರದೆಯಲ್ಲಿ ಇರೋದನ್ನ ಮಾತ್ರ ಹೇಳಬೇಕು ಅಂತ ಕಟ್ಟಪ್ಪಣೆ. ಈಗ ನಾನು ಸರಿಯಾಗಿ ವಿಚಾರಿಸಲಿಲ್ಲ ಅಂತ ನನ್ನ ಮೇಲೆ ಬರೆದಿದ್ದಾರೆ. ಶುಕ್ರವಾರ ತೆಗೆದುಹಾಕ್ತಾರೆ ಅಂತ ಎಲ್ಲರೂ ಅಂತಾ ಇದ್ದಾರೆ. ಸೇರಿ ಎರಡು ತಿಂಗಳೂ ಆಗಿಲ್ಲ ಅಕ್ಕಾ. ನಾನು ಏನು ತಪ್ಪು ಮಾಡಿದೆ, ನೀವು ದೊಡ್ಡವರು, ಹೇಳಿ."

ಚಿಕ್ಕಮ್ಮ ಹದಿನಾರನೇ ಕಾರ್ಡನ್ನು ಡಬ್ಬಿಗೆ ವಾಪಸ್ ಇಟ್ಟಳು.

ಅಂದು ಸಂಜೆ ಅವಳು ಮನೆಯಲ್ಲಿ ಹಾಳೆ ಪೆನ್ನು ತೆಗೆದುಕೊಂಡು ಕೂತಳು. ಏನು ಬರೆಯುತ್ತೀ ಎಂದು ಅಜ್ಜಿ ಕೇಳಿದಳು. ಚಿಕ್ಕಮ್ಮ ಎಲ್ಲವನ್ನೂ ಹೇಳಿದಳು. ಕಾರ್ಡುಗಳನ್ನು ಮರೆತದ್ದಲ್ಲ, ಬೇಕೆಂದೇ ಬಚ್ಚಿಟ್ಟೆ ಎಂದು ಬರೆದುಕೊಟ್ಟರೆ ಆ ಹುಡುಗಿ ಉಳಿಯಬಹುದು. ಆದರೆ ಕಚೇರಿ ಮುಚ್ಚುವ ದಿನ ಎಲ್ಲರಿಗೂ ಸಿಗುವ ಪರಿಹಾರ ಇವಳಿಗೆ ಸಿಗುವುದಿಲ್ಲ. ತಪ್ಪು ಮಾಡಿ ಹೊರಗೆ ಹೋದವಳು ಎಂದಾಗುತ್ತದೆ.

"ಆ ಹುಡುಗಿ ನಿನಗೇನಾಗ್ಬೇಕು?" ಎಂದಳು ಅಜ್ಜಿ.

"ಏನೂ ಆಗ್ಬೇಕಾಗಿಲ್ಲಮ್ಮ."

"ಮತ್ತೆ? ನಿನ್ನ ಕೆಲಸ ಕಿತ್ಕೊಳ್ಳೋಕೆ ಬಂದೋಳು ಅವಳು."

"ಅವಳಿಗೆ ನಾನು ಯಾರು ಅಂತಾನೂ ಗೊತ್ತಿಲ್ಲ. ಅಕ್ಕಾ ಅಂದ್ಲು."

ಅಜ್ಜಿ ಮುಸುಕೆಳೆದು ಗೋಡೆ ಕಡೆ ತಿರುಗಿ ಮಲಗಿದಳು. ಚಿಕ್ಕಮ್ಮ ಒಂದು ಪುಟ ಬರೆದಳು, ಹರಿದಳು, ಮತ್ತೆ ಬರೆದಳು. ಅಕ್ಷರ ಚೆನ್ನಾಗಿಲ್ಲ ಎಂದು ಮೂರನೇ ಸಲ ಬರೆದಳು. ಅದರಲ್ಲಿ ಬೇರೆ ಹದಿಮೂರು ಜನರ ಮಾತು ಬರಲಿಲ್ಲ. ನಾನು ಬಚ್ಚಿಟ್ಟೆ ಎಂದಷ್ಟೇ ಇತ್ತು. ಹನ್ನೊಂದು ನಿಮಿಷ ಸುಮ್ಮನಿದ್ದದ್ದೂ ಇತ್ತು.

ಮಾರನೇ ದಿನ ನೋಡೋಣ ಸರ್ ಅದನ್ನು ನಿಂತುಕೊಂಡೇ ಓದಿದರು.

"ಇದನ್ನ ಕಳಿಸಿದ್ರೆ ವಾಪಸ್ ತಗೊಳ್ಳೋಕಾಗಲ್ಲ. ನಾನು ನೋಡೇ ಇಲ್ಲ ಅಂದ್ಕೊಂಡು ಹರಿದುಹಾಕಲಾ?"

"ಬೇಡ, ಕಳಿಸಿ ಸರ್" ಎಂದಳು.

ಗುರುವಾರ ಮುಖ್ಯ ಕಚೇರಿಯಿಂದ ಇಬ್ಬರು ಬಂದರು. ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಹದಿಮೂರು ಜನರೂ ಕೀಲಿಮಣೆಯ ಮೇಲೆ ಕೈಯಿಟ್ಟು ಬಾಗಿಲನ್ನೇ ನೋಡುತ್ತಿದ್ದರು. ಆಗ ಚಿಕ್ಕಮ್ಮ ಒಂದು ಕರೆಯಲ್ಲಿದ್ದಳು. ಅಂಚೆ ಕಚೇರಿಯ ಹಿಂದಿನ ಕಟ್ಟಡದಲ್ಲಿ ತಾಯಿ ಮಗು ಇಬ್ಬರು ಸಿಕ್ಕಿಕೊಂಡಿದ್ದರು. ಬಾಗಿಲು ತೆರೆದು ನೋಡೋಣ ಸರ್ ಅವಳ ಕಡೆ ಕೈ ಮಾಡಿದರು. ಅವಳು ಬೆರಳೆತ್ತಿ, ಒಂದು ನಿಮಿಷ ಎಂದು ಸನ್ನೆ ಮಾಡಿದಳು. ಹೆಸರು ಹಸಿರಾಗಿ, ತಾಯಿ ಹೊರಗಿನಿಂದ ಮಾತಾಡಿದ ಮೇಲೆಯೇ ಎದ್ದು ಒಳಗೆ ಹೋದಳು.

"ಬೇಕೆಂದೇ ಬಚ್ಚಿಟ್ಟಿರಾ?"

"ಹೌದು."

"ಯಾರಾದರೂ ಹೇಳಿಕೊಟ್ಟರಾ?"

"ಇಲ್ಲ."

"ಮತ್ತೆ ಯಾಕೆ?"

"ಹೆದರಿಕೆ ಆಯ್ತು" ಎಂದಳು. ಅವರಲ್ಲೊಬ್ಬರು ಅದನ್ನು ಹಾಗೆಯೇ ಬರೆದುಕೊಂಡರು. ಸಂಜೆ ಐದಕ್ಕೆ ಅವಳ ಕೆಲಸ ಹೋಗಿತ್ತು. ಸ್ವೆಟರ್ ಮಡಚಿ ಚೀಲಕ್ಕೆ ಹಾಕಿಕೊಳ್ಳುವಾಗ ರೇಡಿಯೋ ಬಂದು ಚೀಲದ ಬಾಯಿ ಹಿಡಿದುಕೊಂಡು ನಿಂತರು. ಆಮೇಲೆ ಮೆಟ್ಟಿಲಿನ ತನಕ ಚೀಲ ಹೊತ್ತುಕೊಟ್ಟರು.

ಇದಾಗಿ ಏಳು ವಾರವಾಯಿತು. ಆ ಕಚೇರಿಯನ್ನು ಇನ್ನೂ ಮುಚ್ಚಿಲ್ಲ. ಇವತ್ತು ಮುಚ್ಚುತ್ತಾರೆ, ನಾಳೆ ಮುಚ್ಚುತ್ತಾರೆ ಎಂದು ಅಲ್ಲಿ ಮಾತು ನಡೆದೇ ಇದೆಯಂತೆ. ಚಿಕ್ಕಮ್ಮ ಎರಡು ಕಡೆ ಕೆಲಸ ಕೇಳಿ ಬಂದಿದ್ದಾಳೆ. ಒಂದು ಕಡೆ ವಯಸ್ಸು ಕೇಳಿದರು. ಇನ್ನೊಂದು ಕಡೆ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು. ಬಾಡಿಗೆ ಕೇಳಲು ಮನೆಯ ಮಾಲೀಕರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಅವಳು ಒಲೆ ಸಣ್ಣ ಮಾಡಿ ನಿಲ್ಲುತ್ತಾಳೆ.

ಮೊನ್ನೆ ಆ ಹುಡುಗಿ ಅವಳ ಮೊಬೈಲಿಗೆ ಫೋನ್ ಮಾಡಿದ್ದಳು. ಮೆಕ್ಯಾನಿಕ್ ಹತ್ತಿರ ನಂಬರು ತೆಗೆದುಕೊಂಡಿದ್ದಳಂತೆ.

"ನನ್ನ ಇಟ್ಕೊಂಡ್ರು ಅಕ್ಕಾ" ಎಂದಳು.

"ಒಳ್ಳೇದಾಯ್ತಮ್ಮ."

"ಆದ್ರೆ ಇಲ್ಲಿ ಒಬ್ಬ ಟೇಪ್ ಹಿಡ್ಕೊಂಡು ಬಂದು ನಾವು ಕೂರೋ ಕೋಣೆ ಅಳೆದುಕೊಂಡು ಹೋದ ಅಕ್ಕಾ. ಯಾಕೆ ಅಂತ ಯಾರೂ ಹೇಳ್ತಾ ಇಲ್ಲ. ನಿಮಗೇನಾದ್ರೂ ಗೊತ್ತಾ?"

ಚಿಕ್ಕಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಗೋಡೆಗೊರಗಿ ಕೂತಳು. "ನೀನು ಈಗ ಎಲ್ಲಿದ್ದೀಯಾ ಹೇಳು. ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?" ಎಂದಳು.